ಮೂರು ಹಿಡಿ ಮಣ್ಣು

ಮಿತಿಲೇನೆ
ದ್ರಾಕ್ಷಿ ಚಿಗುರುವ ತಿಂಗಳು, ಬಿದಿಗೆ

ಮೆಲಿಟ್ಟಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡು. ಬೆಳಿಗ್ಗೆ ಕೋಟೆ ಗೋಡೆ ಮೇಲೆ ನಿಂತು ನೋಡ್ತಿದ್ದೆ. ರೋಮಿನವರ ಹಡಗುಗಳ ಹಿಂದೆ ಸಾಮಾನು ದೋಣಿಗಳು ಸಾಲಾಗಿ ಬಂದವು. ಅದರಲ್ಲಿ ಒಂದಕ್ಕೆ ಹಿಂಭಾಗದಲ್ಲಿ ಹಸಿರು ಬಣ್ಣ. ಮೂತಿಯ ಮೇಲೆ ಬರೆದ ಕಣ್ಣುಗಳಲ್ಲಿ ಎಡಗಣ್ಣು ಮೆಳ್ಳೆ. ಆ ಮೆಳ್ಳೆಗಣ್ಣು ಬರೆದವಳು ನೀನು ಕಣೇ. ಮದುವೆಯಾದ ಹೊಸದರಲ್ಲಿ ‘ನಾನೇ ಬರೀತೀನಿ’ ಅಂತ ಹಟ ಹಿಡಿದು ಕುಂಚ ಕಿತ್ತುಕೊಂಡೆ, ಇಡೀ ಬಂದರು ನಕ್ಕಿತ್ತು. ಈಗ ಹೇಳು, ಅದು ನಿನ್ನ ಗಂಡ ಹೆರ್ಮೋನನ ದೋಣಿ ಹೌದೋ ಅಲ್ಲವೋ?

ನಮ್ಮ ಅಪ್ಪನ ಮನೆಯಲ್ಲಿ ಉಂಡವನು ಅವನು. ಅಪ್ಪನ ಆಲಿವ್ ತೋಟದ ಎಣ್ಣೆಯನ್ನೇ ಮಾರಿ ಮೊದಲ ದೋಣಿ ಕಟ್ಟಿಸಿದವನು. ಆ ತೋಟ ಈಗಿಲ್ಲ. ರೋಮಿನವರು ಕಡಿದು ಬೇಲಿ ಹಾಕಿಕೊಂಡಿದ್ದಾರೆ. ಆ ಬೇಲಿಯ ಒಳಗೆ ನಿನ್ನ ಗಂಡ ಹಿಟ್ಟು ಇಳಿಸ್ತಿದ್ದಾನೆ. ನಾಚಿಕೆ ಆಗಲ್ವಾ ಅವನಿಗೆ? ನಿನಗೆ?

ತೆರಿಗೆ ತೆರಿಗೆ ಅಂತ ನಮ್ಮ ಮನೆಗಳ ಮಂಚ ಸಹಿತ ಹೊತ್ತುಕೊಂಡು ಹೋದವರು ಇವರು. ಅದಕ್ಕೇ ಊರಿಗೆ ಊರೇ ಸಿಡಿದು ಪೂರ್ವದ ರಾಜನ ಕಡೆ ನಿಂತಿತು. ರಾಜ ಅವರ ಜೊತೆ ರಾಜಿ ಮಾಡಿಕೊಂಡು ಹೊರಟುಹೋದ. ಮಿಕ್ಕ ಊರುಗಳು ಒಂದೊಂದಾಗಿ ಮಂಡಿಯೂರಿದವು. ನಾವು ಊರಲಿಲ್ಲ, ಊರುವುದೂ ಇಲ್ಲ. ಒಂದೇ ದ್ವೀಪದಲ್ಲಿ ಹುಟ್ಟಿದ ನಿಮ್ಮ ಮೆಥಿಮ್ನದವರಿಗೆ ಅದರ ಅರ್ಥ ಗೊತ್ತಾಗದೇ ಹೋಯ್ತಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯೋದು.

ತಮ್ಮ ಪೆಂಥಿಲೋಸ್ ಕೋಟೆಯ ಉತ್ತರದ ಬುರುಜಿನಲ್ಲಿದ್ದಾನೆ. ‘ಮೆಲಿಟ್ಟಕ್ಕ ಬರೆದ ಕಣ್ಣು ಅದು, ನಾನು ಕಲ್ಲು ಹೊಡೆಯಲ್ಲ’ ಅಂತಾನೆ. ಮುಠ್ಠಾಳ.

ತೆಲೆಸಿಪ್ಪ


ಮೆಥಿಮ್ನ
ಅದೇ ತಿಂಗಳು, ಅಷ್ಟಮಿ

ಅಕ್ಕಾ,

ಹೌದು, ನಮ್ಮದೇ ದೋಣಿ. ಸಮಾಧಾನ ಆಯ್ತಾ?

ರೋಮಿನ ಅಧಿಕಾರಿ ಬಂದರಿನಲ್ಲಿ ನಿಂತು ‘ದೋಣಿ ಕೊಡ್ತೀಯೋ, ಸುಡಲೋ’ ಅಂದ. ನಮ್ಮನೆಯವರು ಏನು ಮಾಡಬೇಕಿತ್ತು ಹೇಳು. ಸುಡಿಸಿಕೊಂಡು ನಿನ್ನ ಹತ್ತಿರ ಶಹಭಾಸ್‌ಗಿರಿ ತಗೋಬೇಕಿತ್ತಾ? ಗೋಡೆ ಮೇಲೆ ನಿಂತು ಬೈಯೋದು ಸುಲಭ ಕಣಕ್ಕಾ. ನಮಗೆ ಗೋಡೆ ಇಲ್ಲ.

ನಿಮ್ಮ ಊರು ರಾಜನ ಕಡೆ ಸೇರುವಾಗ ಯಾರನ್ನು ಕೇಳಿತು? ಆಶ್ರಯ ಕೇಳಿ ಬಂದ ರೋಮಿನ ದೂತನ ಕೈಕಾಲು ಕಟ್ಟಿ ರಾಜನಿಗೆ ಒಪ್ಪಿಸಿದಿರಲ್ಲ, ಅವತ್ತು ಬೀದಿಯಲ್ಲಿ ಹೂ ಚೆಲ್ಲಿದವರು ಯಾರು? ನೀನೂ ಚೆಲ್ಲಿದೆ. ನೀನೇ ಸಂಭ್ರಮದಿಂದ ನನಗೆ ಬರೆದಿದ್ದೆ. ಆ ಮನುಷ್ಯನನ್ನು ರಾಜ ಹೇಗೆ ಕೊಂದ ಅಂತ ಗೊತ್ತಾದ ಮೇಲೆ ಮಾತ್ರ ಆ ಸುದ್ದಿ ಎತ್ತಲೇ ಇಲ್ಲ.

ಬೈದಾಡೋಕೆ ಬರೀತಿಲ್ಲ. ಪೆಂಥಿಯನ್ನು ಕಳಿಸು. ಈ ಪತ್ರ ತರುವ ಮುದುಕ ಬಟ್ಟೋಸ್ ಎರಡೂ ಕಡೆ ಮೀನು ಮಾರುವವನು, ರೋಮಿನವರು ಅವನನ್ನು ತಡೆಯೋದಿಲ್ಲ. ಬಲೆಯ ಕೆಳಗೆ ಮಲಗಿಸಿಕೊಂಡು ಕರೆತರ್ತೀನಿ ಅಂತ ಒಪ್ಪಿದ್ದಾನೆ. ಅಮ್ಮ ಹೋದ ಮೇಲೆ ನಾವಿಬ್ಬರೂ ಸೊಂಟದ ಮೇಲೆ ಹೊತ್ತು ಬೆಳೆಸಿದ ಮಗು ಅದು. ನಿನ್ನ ಪೌರುಷಕ್ಕೆ ಅವನನ್ನು ಬಲಿ ಕೊಡಬೇಡ.

ಮೆಲಿಟ್ಟ


ಮಿತಿಲೇನೆ
ಬಾರ್ಲಿ ಕೊಯ್ಲಿನ ತಿಂಗಳು, ಚೌತಿ

ಮೆಲಿಟ್ಟಾ,

ಬಟ್ಟೋಸ್ ನಿನ್ನ ಪತ್ರವನ್ನು ಮೀನಿನ ಹೊಟ್ಟೆಯಲ್ಲಿಟ್ಟು ತಂದ. ಮೀನೂ ತಿಂದೆವು, ಪತ್ರವನ್ನೂ ಓದಿದೆವು. ಮೀನೇ ಚೆನ್ನಾಗಿತ್ತು.

ಪೆಂಥಿಗೆ ಹೇಳಿದೆ, ‘ಹೋಗ್ತೀಯೇನೋ?’ ಅಂತ. ‘ಬಲೆ ಕೆಳಗೆ ಮಲಗಿ ಮೀನಿನ ವಾಸನೆ ಹತ್ತಿಸಿಕೊಂಡು ಹೋದರೆ ಮೆಲಿಟ್ಟಕ್ಕನೇ ಒಳಗೆ ಬಿಟ್ಟುಕೊಳ್ಳಲ್ಲ’ ಅಂದ. ಬರಲ್ಲ ಅಂತ ಅರ್ಥ. ನಾನು ಕಟ್ಟಿಹಾಕಿಲ್ಲ, ತಿಳೀತಾ?

ಬೈಗುಳ ಇವತ್ತಿಗೆ ಸಾಕು. ನಿನಗೊಂದು ಸಂಗತಿ ಹೇಳಬೇಕು, ಬೇರೆ ಯಾರಿಗೆ ಹೇಳಲಿ. ಮೊನ್ನೆ ಬಂದರಿನ ಕಲ್ಲುಕಟ್ಟೆಗೆ ಒಂದು ಹೆಣ ತೇಲಿಕೊಂಡು ಬಂತು. ರೋಮಿನ ಹಡಗಿನಲ್ಲಿ ಹುಟ್ಟು ಹಾಕುವವನು, ಎಲ್ಲಿಯವನೋ ಏನೋ. ದಿನವೆಲ್ಲ ಬಿಸಿಲಲ್ಲಿ ಬಿದ್ದಿತ್ತು. ನಮ್ಮ ಪೆಂಥಿ ಬುರುಜಿನಿಂದ ಹಗ್ಗ ಬಿಟ್ಟು ಇಳಿದುಬಿಟ್ಟ! ಸೆರಗಿನಷ್ಟು ಬಟ್ಟೆಯಲ್ಲಿ ಮಣ್ಣು ಕಟ್ಟಿಕೊಂಡು. ಆ ಕಡೆಯಿಂದ ಬಾಣ ಸುಂಯ್ ಅಂತ ಬರ್ತಿದ್ದರೆ ಇವನು ಹೆಣದ ಮೇಲೆ ಮೂರು ಹಿಡಿ ಮಣ್ಣು ಹಾಕಿ, ಕೈ ಒರೆಸಿಕೊಂಡು, ಹತ್ತಿ ಬಂದ. ನಾನು ಕಪಾಳಕ್ಕೆ ಬಾರಿಸಿದೆ. ‘ಅದು ಶತ್ರುವಿನ ಹೆಣ ಕಣೋ!’ ಅಂದರೆ, ‘ಅಮ್ಮ ಶತ್ರು ಮಿತ್ರ ಅಂತ ಹೇಳಿಕೊಟ್ಟಿರಲಿಲ್ಲ. ಮಣ್ಣು ಬೀಳದ ಹೆಣ ಕಂಡು ದಾಟಿಹೋಗಬಾರದು ಅಂದಿದ್ದಳು’ ಅಂತಾನೆ.

ಊರಲ್ಲಿ ಯಾರೂ ಅವನನ್ನು ಬೈಯಲಿಲ್ಲ. ಮುದುಕರು ಬಂದು ಬೆನ್ನು ತಟ್ಟಿದರು. ಅಮ್ಮ ನೆನಪಾದಳು. ನಿನಗೂ ಆಗಲಿ ಅಂತ ಬರೆದೆ.

ಹಿಟ್ಟು ಕಡಿಮೆಯಾಗ್ತಿದೆ. ಇದನ್ನು ನಿನ್ನ ಗಂಡನಿಗೆ ಹೇಳಬೇಡ.

ತೆಲೆಸಿಪ್ಪ


ಮೆಥಿಮ್ನ
ಅದೇ ತಿಂಗಳು, ಹುಣ್ಣಿಮೆ

ಅಕ್ಕಾ,

ಓದಿ ಅತ್ತೆ, ಆಮೇಲೆ ನಕ್ಕೆ. ನೆನಪಿದೆಯಾ, ಕಡಲ ದಂಡೆಯಲ್ಲಿ ಮುಳುಗಿ ಸತ್ತವನೊಬ್ಬ ಸಿಕ್ಕಾಗ ಅಮ್ಮ ನಮ್ಮ ಮೂವರ ಕೈಯಲ್ಲೂ ಮಣ್ಣು ಹಾಕಿಸಿದ್ದು? ಪೆಂಥಿಗೆ ಆಗ ಹಿಡಿಯೇ ಇರಲಿಲ್ಲ, ಚಿಟಿಕೆಯಲ್ಲಿ ಹಾಕಿದ್ದ.

ಹಿಟ್ಟಿನ ವಿಷಯ ಬಿಟ್ಟು ಮಿಕ್ಕಿದ್ದನ್ನು ನಮ್ಮನೆಯವರಿಗೆ ಓದಿ ಹೇಳಿದೆ, ಊಟಕ್ಕೆ ಕೂತಾಗ. ‘ಭಲೇ ಹುಡುಗ’ ಅಂತ ನಕ್ಕರು. ಆಮೇಲೆ ‘ಇನ್ನೊಂದು ಸಲ ಓದು’ ಅಂದರು. ಓದಿದೆ. ಏನೋ ಯೋಚಿಸುತ್ತಾ ಕೂತರು, ರೊಟ್ಟಿ ತಟ್ಟೆಯಲ್ಲೇ ಉಳೀತು. ನಿಮ್ಮ ಮೇಲೆ ಅವರಿಗೂ ಮರುಕ ಇದೆ ಅಕ್ಕಾ, ತೋರಿಸಿಕೊಳ್ಳಲ್ಲ ಅಷ್ಟೆ.

ಬಟ್ಟೋಸ್ ಕೈಲಿ ಒಣ ಅಂಜೂರ ಕಳಿಸಿದ್ದೀನಿ. ಸ್ವಾಭಿಮಾನ ಅಂತ ಸಮುದ್ರಕ್ಕೆ ಎಸೀಬೇಡ, ತಿನ್ನು.

ಮೆಲಿಟ್ಟ


ಮೆಥಿಮ್ನ
ಸುಡುಬಿಸಿಲ ತಿಂಗಳು, ಪಾಡ್ಯ

ಅಕ್ಕಾ,

ಆತುರದಲ್ಲಿ ಬರೀತಿದ್ದೀನಿ. ರೋಮಿನವರು ಬೀಡು ಬಿಟ್ಟು ಹೊರಟ ಹಾಗೆ ಕಂಡರೆ ನಂಬಬೇಡಿ. ಹೆಬ್ಬಾಗಿಲು ತೆಗೀಬೇಡಿ. ಯಾರೂ ಹೊರಗೆ ಕಾಲಿಡಬೇಡಿ. ಪೆಂಥಿಯನ್ನಂತೂ ಕಂಬಕ್ಕೆ ಕಟ್ಟಿಹಾಕು.

ಯಾಕೆ ಅಂತ ಕೇಳಬೇಡ. ನನ್ನಿಂದ ಬರೆಯೋಕೆ ಆಗಲ್ಲ. ತಂಗಿ ಹೇಳ್ತಿದ್ದಾಳೆ ಅಂತ ನಂಬು, ಅಷ್ಟು ಸಾಕು.

ಮೆಲಿಟ್ಟ


ಮಿತಿಲೇನೆ
ಅದೇ ತಿಂಗಳು, ತದಿಗೆ

ಮೆಲಿಟ್ಟಾ,

ಹೋದರು ಕಣೇ! ಹೋದರು! ನಿನ್ನೆ ಎಲ್ಲ ಹಡಗುಗಳೂ ಹಾಯಿ ಬಿಚ್ಚಿ ದಕ್ಷಿಣಕ್ಕೆ ಹೊರಟುಹೋದವು. ಡೇರೆಗಳು ಹಾಗೇ ಇವೆ. ಹಿಟ್ಟಿನ ಮೂಟೆ, ಎಣ್ಣೆಯ ಜಾಡಿ, ಕಟ್ಟಿದ ಕತ್ತೆ ಸಹಿತ ಹಾಗೇ ಇವೆ. ಊರಿನ ಹೆಂಗಸರೆಲ್ಲ ಗೋಡೆ ಹತ್ತಿ ಕುಣಿದೆವು.

ಅಷ್ಟು ಹೊತ್ತಿಗೆ ನಿನ್ನ ಪತ್ರ ಬಂತು. ಎಂಥ ಸಮಯ ನೋಡಿ ಬರೆದಿದ್ದೀಯೇ! ಬಾಗಿಲು ತೆಗೀಬೇಡಿ, ಯಾಕೆ ಅಂತ ಕೇಳಬೇಡಿ. ಯಾಕೆ ಕೇಳಬಾರದು? ಹಸಿದವರು ಹಿಟ್ಟು ತಂದು ಉಂಡರೆ ನಿನ್ನ ಗಂಡನಿಗೆ ನಷ್ಟವಾ? ಅವನ ದೋಣಿ ಬಂದು ಎಲ್ಲ ತುಂಬಿಕೊಂಡು ಹೋಗುವವರೆಗೆ ನಾವು ಒಳಗೇ ಬಾಯಿ ಬಿಡ್ತಾ ಕೂತಿರಬೇಕಾ? ಪಕ್ಕದಲ್ಲಿ ಕೂತು ಬರೆಸಿದನಾ, ಇಲ್ಲ ನಿನ್ನದೇ ಬುದ್ಧಿಯಾ?

ಸಭೆಯಲ್ಲಿ ಅನುಮಾನಪಟ್ಟವರು ಇರಲಿಲ್ಲ ಅಂತಲ್ಲ. ನನ್ನ ಯಜಮಾನರು ಸ್ಕಾಮೋನರೇ ಎದ್ದು ‘ಇದು ಮೋಸ ಇದ್ದೀತು, ತಾಳಿ’ ಅಂದರು. ಆದರೆ ಬೆಳಕು ಹರಿದ ಮೇಲೆ ಎಲ್ಲರಿಗೂ ಕಂಡಿತು. ಬೇಲಿಯ ಪಕ್ಕದಲ್ಲಿ ಹೆಣಗಳು. ರೋಮಿನ ಸೈನಿಕರ ಬಟ್ಟೆಯಲ್ಲಿ, ಚಿತೆಯಿಲ್ಲ, ಮಣ್ಣಿಲ್ಲ, ಬಯಲಲ್ಲೇ ಬಿದ್ದಿವೆ. ಯಜಮಾನರ ಬಾಯಿ ಅಲ್ಲಿಗೆ ಮುಚ್ಚಿತು. ಮೋಸ ಮಾಡುವವನು ಡೇರೆ ಬಿಟ್ಟಾನು, ಹಿಟ್ಟು ಬಿಟ್ಟಾನು. ತನ್ನ ಕಡೆಯ ಸತ್ತವರನ್ನು ನಾಯಿಗೆ ಬಿಟ್ಟು ಯಾರಾದರೂ ಹೋಗ್ತಾರಾ? ಜೀವ ಉಳಿದರೆ ಸಾಕು ಅಂತ ಓಡುವವನು ಮಾತ್ರ ಹೋಗ್ತಾನೆ. ಅವರಿಗೆ ಎಲ್ಲೋ ದೊಡ್ಡ ಪೆಟ್ಟು ಬಿದ್ದಿದೆ. ಹೆಣಗಳಿಗಿಂತ ದೊಡ್ಡ ಸಾಕ್ಷಿ ಬೇಕಾ?

ನಾಳೆ ಬೆಳಿಗ್ಗೆ ಬಾಗಿಲು ತೆಗೀತಾರೆ. ಎಲ್ಲರೂ ಚೀಲ ಹಿಡಿದು ನಿಂತಿದ್ದಾರೆ. ನಮ್ಮ ಪೆಂಥಿ ಮಾತ್ರ ಬುಟ್ಟಿಗೆ ಮಣ್ಣು ತುಂಬ್ತಿದ್ದಾನೆ! ‘ಮೊದಲು ಅವರಿಗೆ ಮಣ್ಣು, ಆಮೇಲೆ ನಿನಗೆ ಹಿಟ್ಟು’ ಅಂತಾನೆ ಪುಣ್ಯಾತ್ಮ.

ನಿನ್ನ ಪತ್ರ ಅವನಿಗೆ ತೋರಿಸಲ್ಲ. ಮೆಲಿಟ್ಟಕ್ಕ ಅಂದರೆ ಅವನಿಗೆ ಈಗಲೂ ಪ್ರಾಣ, ನಂಬಿ ಕೂತುಬಿಡ್ತಾನೆ.

ತೆಲೆಸಿಪ್ಪ


ಮೆಥಿಮ್ನ
ಅದೇ ತಿಂಗಳು, ಚೌತಿ

ಅಕ್ಕಾ ಅಕ್ಕಾ,

ಆ ಹೆಣಗಳನ್ನು ಮುಟ್ಟಬೇಡಿ. ಅವು ರೋಮಿನವರದ್ದಲ್ಲ. ನಮ್ಮ ದೋಣಿಗಳಲ್ಲಿ ಹುಟ್ಟು ಹಾಕ್ತಿದ್ದವರು, ನಮ್ಮ ಮೆಥಿಮ್ನದ ಬಡವರು, ಜ್ವರದಲ್ಲಿ ಸತ್ತವರು. ಮನೆಯವರಿಗೆ ಒಪ್ಪಿಸದೆ ರೋಮಿನ ಬಟ್ಟೆ ತೊಡಿಸಿ ಅಲ್ಲಿ ಎಸೆದಿದ್ದಾರೆ. ನೀವು ನಂಬಲಿ ಅಂತಲೇ. ಸೈನ್ಯವೆಲ್ಲ ದಕ್ಷಿಣದ ಗುಡ್ಡದ ಹಿಂದೆ ಕೂತಿದೆ.

ಇದನ್ನು ಹೇಳಿಕೊಟ್ಟವರು ನಮ್ಮನೆಯವರು. ರೋಮಿನ ಸೇನಾಪತಿಗೆ ಇಂಥದ್ದು ಹೊಳೆಯಲ್ಲ, ನಮ್ಮವರಿಗೇ ಹೊಳೆಯಬೇಕು. ಹೊಳೆದದ್ದು ನಾನು ಓದಿ ಹೇಳಿದ ನಿನ್ನ ಪತ್ರದಿಂದ. ಪಾಡ್ಯದ ದಿನ ಯಾರ ಹತ್ತಿರವೋ ಹೇಳಿಕೊಂಡು ನಗ್ತಿದ್ದರು, ಕೇಳಿಸಿಕೊಂಡೆ. ಅವತ್ತಿನ ಪತ್ರದಲ್ಲೇ ಎಲ್ಲ ಬರೆಯಬೇಕಿತ್ತು. ಗಂಡನ ಹೆಸರು ಕೆಡುತ್ತೆ ಅಂತ ಸುಮ್ಮನಿದ್ದೆ.

ಪೆಂಥಿಗೆ ಇದನ್ನು ತೋರಿಸು. ಈಗಲೇ. ನಿನ್ನ ಕಾಲು ಹಿಡೀತೀನಿ.

ಮೆಲಿಟ್ಟ


ಮಿತಿಲೇನೆ
ಅದೇ ತಿಂಗಳು, ಸಪ್ತಮಿ

ಮೆಲಿಟ್ಟಾ,

ನಿನ್ನ ಪತ್ರ ಇವತ್ತು ಬಂತು. ಅದರ ಮೇಲೆ ಚೌತಿ ಅಂತ ಬರೆದಿದ್ದೀಯ. ಚೌತಿ ಬೆಳಿಗ್ಗೆಯೇ ನಮ್ಮ ಹೆಬ್ಬಾಗಿಲು ತೆರೆದಿತ್ತು.

ನಮ್ಮ ಯಜಮಾನರು ಕೊಡಲಿಯ ಪೆಟ್ಟು ತಿಂದು ಹೇಗೋ ಒಳಗೆ ಬಂದು ಬಿದ್ದರು. ಅವರು ಹೇಳಿದ್ದನ್ನೇ ಬರೀತೀನಿ, ಪೂರ್ತಿ ಓದು. ಎಲ್ಲರೂ ಹಿಟ್ಟಿನ ಕಡೆ ಓಡಿದರಂತೆ. ಪೆಂಥಿ ಬುಟ್ಟಿ ಹೊತ್ತುಕೊಂಡು ಹೆಣಗಳ ಕಡೆ ಹೋದನಂತೆ. ಒಂದಕ್ಕೆ ಮಣ್ಣು ಹಾಕಿದ. ಇನ್ನೊಂದು ಬೋರಲು ಬಿದ್ದಿತ್ತು, ಮುಖ ಕಾಣಲಿ ಅಂತ ಹೊರಳಿಸಿದ. ‘ಇವನು ಮೆಥಿಮ್ನದವನು! ನಮ್ಮ ಭಾವನ ದೋಣಿಯವನು! ಓಡ್ರೋ, ಒಳಗೆ ಓಡ್ರೋ!’ ಅಂತ ಕೂಗಿದ. ಅಷ್ಟರಲ್ಲಿ ಗುಡ್ಡದ ಹಿಂದಿನಿಂದ ಅವರು ಬಂದಿದ್ದರು. ಅವನ ಕೂಗು ಕೇಳಿ ಓಡಿದವರು ಉಳಿದರು. ಅವನು ಉಳಿಯಲಿಲ್ಲ.

ಅವನ ಕೈಲಿ ಏನಿತ್ತು ಗೊತ್ತಾ? ಬುಟ್ಟಿ.

ಅಯ್ಯೋ, ನಿನ್ನ ಬಾಯಿಗೆ ಬೆಂಕಿ ಬೀಳ! ಅಮ್ಮನ ನೆನಪು ನಿನಗೂ ಆಗಲಿ ಅಂತ ನಾನು ಬರೆದದ್ದು. ನೀನು ಅದನ್ನು ಊಟಕ್ಕೆ ಉಪ್ಪಿನಕಾಯಿ ಹಾಗೆ ಆ ದ್ರೋಹಿಗೆ ಬಡಿಸಿದೆ. ಎರಡೆರಡು ಸಲ. ಎಲ್ಲ ಗೊತ್ತಾದ ಮೇಲೂ ‘ಯಾಕೆ ಅಂತ ಕೇಳಬೇಡ’ ಅಂದೆ. ಒಂದು ಸಾಲು ಕಣೇ. ‘ಆ ಹೆಣಗಳು ಸುಳ್ಳು’ ಅಂತ ಒಂದೇ ಒಂದು ಸಾಲು ಬರೆದಿದ್ದರೆ ಇಡೀ ಊರಿಗೆ ನಾನೇ ಡಂಗುರ ಹೊಡೆದು ಬರ್ತಿದ್ದೆ. ನಿನಗೆ ತಮ್ಮನ ಜೀವಕ್ಕಿಂತ ಗಂಡನ ಮರ್ಯಾದೆ ದೊಡ್ಡದಾಯ್ತು.

ಈಗ ಅವನು ಬೇಲಿಯ ಹತ್ತಿರ ಬಿದ್ದಿದ್ದಾನೆ. ಗೋಡೆಯಿಂದ ಕಾಣ್ತಾನೆ. ತಂದುಕೊಳ್ಳೋಕೆ ಕೇಳಿದೆವು, ರೋಮಿನವರು ಬಿಡಲಿಲ್ಲ. ಕಂಡ ಕಂಡ ಹೆಣಕ್ಕೆಲ್ಲ ಮಣ್ಣು ಹಾಕಿದವನ ಮೇಲೆ ಒಂದು ಚಿಟಿಕೆ ಮಣ್ಣಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಹದ್ದುಗಳಿಗೆ ಕಲ್ಲು ಬೀಸ್ತಾ ನಿಂತಿರ್ತೀನಿ, ಅಷ್ಟು ದೂರ ಹೋಗಲ್ಲ.

ನಿನಗೆ ದಾರಿ ಬಿಡ್ತಾರೆ. ನಿನ್ನ ಗಂಡ ಅವರವನಲ್ಲವಾ? ಬಾ. ನೀನೇ ಬಂದು ಹಾಕು. ಆಳುಗಳ ಕೈಲಿ ಅಲ್ಲ, ನಿನ್ನ ಕೈಲಿ. ಗೋಡೆ ಮೇಲೆ ನಿಂತು ನಾನು ನೋಡ್ತೀನಿ.

ತೆಲೆಸಿಪ್ಪ


ಮೆಥಿಮ್ನ
ಅದೇ ತಿಂಗಳು, ದ್ವಾದಶಿ

ಅಕ್ಕಾ,

ಹೋದೆ, ಹಾಕಿದೆ, ಬಂದೆ.

ನಿನ್ನ ಪತ್ರ ಹಿಡಿದು ನಮ್ಮನೆಯವರ ಮುಂದೆ ನಿಂತು ಪೂರ್ತಿ ಓದಿದೆ. ‘ಇದನ್ನೂ ಇನ್ನೊಂದು ಸಲ ಓದಬೇಕಾ?’ ಅಂತ ಕೇಳಿದೆ. ‘ಯುದ್ಧ ಬೇಗ ಮುಗೀಲಿ ಅಂತ ಮಾಡಿದೆ. ಅವನೇ ಬರ್ತಾನೆ ಅಂತ ನನಗೇನು ಗೊತ್ತು?’ ಅಂದರು. ‘ನಿನಗೆ ಗೊತ್ತಿತ್ತು’ ಅಂದೆ. ಮದುವೆಯಾದಾಗಿನಿಂದ ಅವರನ್ನು ‘ನೀನು’ ಅಂದದ್ದು ಅದೇ ಮೊದಲು. ‘ಯಾವ ಹೆಣ ಕಂಡರೂ ಬಿಡದವನು ಅಂತ ಗೊತ್ತಿದ್ದೇ ಹೆಣ ಹಾಕಿಸಿದೆ. ಊರಲ್ಲಿ ಬೇರೆ ಯಾರೂ ಬಾರದಿದ್ದರೂ ಅವನು ಬಂದೇ ಬರ್ತಾನೆ ಅಂತ ಗೊತ್ತಿತ್ತು ನಿನಗೆ.’ ನಾನು ಮಣ್ಣು ಹಾಕೋಕೆ ಹೊರಟು ನಿಂತೆ. ಜೊತೆಗೆ ಕಾವಲಿನವರನ್ನು ಕಳಿಸ್ತೀನಿ ಅಂದ. ಬೇಡ ಅಂದೆ. ಬಟ್ಟೋಸ್‌ನ ದೋಣಿಯಲ್ಲೇ ಹೋದೆ.

ರೋಮಿನ ಕಾವಲಿನವನು ಹೆರ್ಮೋನನ ಹೆಸರು ಕೇಳಿ ನಕ್ಕು ದಾರಿ ಬಿಟ್ಟ. ಆ ನಗು ನಾನು ಸಾಯೋವರೆಗೂ ಮರೆಯಲ್ಲ. ಪೆಂಥಿ ಹೇಗಿದ್ದ ಅಂತ ಬರೆಯಲ್ಲ, ಕೇಳಬೇಡ. ಈ ಸಲ ನಿಜವಾಗಿ ಕೇಳಬೇಡ. ಬುಟ್ಟಿ ಪಕ್ಕದಲ್ಲೇ ಇತ್ತು, ಅದರಲ್ಲಿ ಇನ್ನೂ ಮಣ್ಣಿತ್ತು. ನಮ್ಮ ಅಪ್ಪನ ತೋಟದ ಮಣ್ಣಿನ ಹಾಗೇ ಕೆಂಪಗಿತ್ತು. ಅದನ್ನೇ ಹಾಕಿದೆ. ಮೂರು ಹಿಡಿಗೆ ನಿಲ್ಲಿಸೋಕೆ ಆಗಲಿಲ್ಲ. ಕೈಯಲ್ಲೇ ಅಗೆದು ಪೂರ್ತಿ ಮುಚ್ಚಿದೆ. ಮಿಕ್ಕ ಬಡವರಿಗೂ ಹಾಕಿದೆ, ಅವನು ಅರ್ಧಕ್ಕೆ ಬಿಟ್ಟ ಕೆಲಸ ಅಲ್ಲವಾ. ಬುಟ್ಟಿಯನ್ನು ನನ್ನ ಜೊತೆಗೇ ತಂದೆ.

ಗೋಡೆ ಮೇಲೆ ಒಬ್ಬಳು ನಿಂತಿದ್ದಳು. ಕೈ ಎತ್ತಿದೆ. ಅವಳು ಎತ್ತಲಿಲ್ಲ.

ಮನೆಗೆ ಬಂದು ಹೆರ್ಮೋನನ ಮುಖಕ್ಕೇ ಹೇಳಿದೆ: ‘ನಮಗೆ ಮಕ್ಕಳಿಲ್ಲ. ನಿನ್ನ ಅಣ್ಣತಮ್ಮಂದಿರು ಯಾರೂ ಉಳಿದಿಲ್ಲ. ನೀನು ಸತ್ತ ದಿನ ಮಣ್ಣು ಹಾಕೋಳು ನಾನೊಬ್ಬಳೇ. ನಾನು ಹಾಕಲ್ಲ.’ ರೋಮಿನವರು ದೋಣಿ ಸುಡ್ತೀವಿ ಅಂದಾಗಲೂ ಇಷ್ಟು ಹೆದರದಿದ್ದವನು ಅವತ್ತು ಬೆಳ್ಳಗೆ ಬಿಳಿಚಿಕೊಂಡ. ದಿನಾ ಬೇಡಿಕೊಳ್ತಾನೆ. ಬೇಡಿಕೊಳ್ಳಲಿ.

ಬೈದದ್ದೆಲ್ಲ ಬೈಸಿಕೊಂಡಿದ್ದೀನಿ ಅಕ್ಕಾ, ಒಂದೂ ಸುಳ್ಳಲ್ಲ. ಆದರೆ ನಾನೂ ಒಂದು ಕೇಳ್ತೀನಿ. ಬಾಗಿಲು ತೆಗೀಬೇಡಿ ಅಂತ ಬರೆದ ನನ್ನ ಪತ್ರ ತದಿಗೆಯ ದಿನವೇ ನಿನ್ನ ಕೈಲಿತ್ತು. ಅವನಿಗೆ ಯಾಕೆ ತೋರಿಸಲಿಲ್ಲ?

ಮೆಲಿಟ್ಟ


ಮಿತಿಲೇನೆ
ಅದೇ ತಿಂಗಳು, ಅಮಾವಾಸ್ಯೆ

ಮೆಲಿಟ್ಟಾ,

ಗೋಡೆ ಮೇಲೆ ಇದ್ದವಳು ನಾನೇ. ಬೇಕೂಂತಲೇ ಕೈ ಎತ್ತಲಿಲ್ಲ.

ಪತ್ರ ತೋರಿಸಲಿಲ್ಲ. ಅವನು ಬುಟ್ಟಿ ಎತ್ತಿಕೊಂಡು ‘ಹೋಗಿ ಬರ್ತೀನಕ್ಕಾ’ ಅಂದಾಗ ಅದು ನನ್ನ ಸೊಂಟದಲ್ಲೇ ಸಿಕ್ಕಿಸಿಕೊಂಡಿತ್ತು. ತೋರಿಸಿದ್ದರೆ ನಿಲ್ತಿದ್ದ. ನಿನ್ನ ಮಾತು ಗೆಲ್ಲೋದು ನನಗೆ ಬೇಕಿರಲಿಲ್ಲ, ಅದಕ್ಕೇ ತೋರಿಸಲಿಲ್ಲ. ಕೇಳಿದೆಯಲ್ಲ, ಹೇಳಿದ್ದೀನಿ. ಇನ್ನೊಮ್ಮೆ ಕೇಳಿದರೆ ನಾಲಿಗೆ ಕಿತ್ತುಬಿಡ್ತೀನಿ.

ಯಜಮಾನರು ಮೊನ್ನೆ ಹೋದರು. ಗಾಯ ಕೀವಾಗಿತ್ತು. ಅವರಿಗೆ ಒಳಗೇ ಮಣ್ಣು ಸಿಕ್ಕಿತು.

ಹೆಬ್ಬಾಗಿಲು ಮುರಿದು ರೋಮಿನವರು ಒಳಗೆ ಬಂದಿದ್ದಾರೆ. ನಾಳೆ ನಮ್ಮನ್ನು ಮಾರೋಕೆ ಸಾಗಿಸ್ತಾರಂತೆ, ಎಲ್ಲಿಗೆ ಅಂತ ಯಾರೂ ಹೇಳ್ತಿಲ್ಲ. ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಂತಿವೆ. ಮೂರನೇ ದೋಣಿಗೆ ಹಿಂಭಾಗದಲ್ಲಿ ಹಸಿರು ಬಣ್ಣ. ನೀನು ಬರೆದ ಮೆಳ್ಳೆಗಣ್ಣು ನನ್ನನ್ನೇ ನೋಡ್ತಿದೆ. ಅದರಲ್ಲೇ ನನ್ನನ್ನು ಹತ್ತಿಸಿದರೆ ಗಟ್ಟಿಯಾಗಿ ನಕ್ಕುಬಿಡ್ತೀನಿ.

ನಿನ್ನನ್ನು ಕ್ಷಮಿಸಿಲ್ಲ. ಕ್ಷಮಿಸ್ತೀನಿ ಅಂತ ಕಾಯಬೇಡ, ನನ್ನನ್ನು ನಾನೇ ಕ್ಷಮಿಸಿಲ್ಲ. ಆದರೆ ನಾನು ಎಲ್ಲಿ ಸತ್ತರೂ, ಸುದ್ದಿ ಕಿವಿಗೆ ಬಿದ್ದ ದಿನ ಎದ್ದು ಬರಬೇಕು. ಎಷ್ಟು ದೂರವಾದರೂ ಬರಬೇಕು. ಆ ಬುಟ್ಟಿ ನಿನ್ನ ಹತ್ತಿರವೇ ಇಟ್ಟುಕೊಂಡಿರು. ನನಗೂ ಮಣ್ಣು ಹಾಕೋಕೆ ನಿನ್ನ ಬಿಟ್ಟರೆ ಇನ್ಯಾರೂ ಇಲ್ಲ.

ನಿನ್ನ ಅಕ್ಕ
ತೆಲೆಸಿಪ್ಪ